ಉಳಿದ ಬಟ್ಟೆ

ರೂವಿಯ ಹಣ ಕಳಿಸುವ ಅಂಗಡಿಯಲ್ಲಿ
ನನ್ನದು ಮೂರನೇ ಕಿಂಡಿ.
ಗಾಜಿನ ಬುಡದಲ್ಲಿ ಅರ್ಧಚಂದ್ರದಷ್ಟು ತೂತು,
ಅದರಲ್ಲಿ ರಿಯಾಲು ಒಳಗೆ ಬರುತ್ತದೆ,
ರಸೀದಿ ಹೊರಗೆ ಹೋಗುತ್ತದೆ.
ತಲೆಯ ಮೇಲೆ ಹಸಿರು ಫಲಕ: ‘ಸೇವಾ ಶುಲ್ಕ ಸೊನ್ನೆ’.
ಅರಬಿಯಲ್ಲಿ ಸೊನ್ನೆ ಎಂದರೆ ಬರೀ ಚುಕ್ಕೆ,
ಕಣ್ಣು ತಪ್ಪಿದರೆ ಅದೂ ಇಲ್ಲ.
ನಮ್ಮ ಸೊನ್ನೆಗೆ ಹೊಟ್ಟೆ ಉಂಟು,
ಆಗಷ್ಟೇ ಏನೋ ನುಂಗಿದ ಹಾಗೆ.

ಗುರುವಾರ ರಾತ್ರಿ ಎಂಟೂವರೆಗೆ ದರ್ಜಿ ಮೋನಪ್ಪಣ್ಣ ಬಂದರು.
ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು,
ಅಂಗಿಯ ತೋಳಿಗೆ ಯಾರದೋ ದಿಶ್ದಾಶದ ಬಿಳಿ ನೂಲು.
ನೂರಿಪ್ಪತ್ತು ರಿಯಾಲು ಎಣಿಸಿ ಇಟ್ಟರು,
ಕೈ ಹಿಂದಕ್ಕೆ ತೆಗೆಯಲಿಲ್ಲ.

‘ಇದು ಎಂತ ಮಾರಾಯ್ತಿ?’
ಮೊಬೈಲನ್ನು ಗಾಜಿಗೆ ಒತ್ತಿ ಹಿಡಿದರು.
‘ಇದರಲ್ಲಿ ಇನ್ನೂರ ಹದಿನಾರು ನಲವತ್ತು,
ನಿಮ್ಮ ಬೋರ್ಡಲ್ಲಿ ಇನ್ನೂರ ಹದಿನಾಲ್ಕು ತೊಂಬತ್ತು.
ನಡುವಿನ ಒಂದೂವರೆ ರೂಪಾಯಿ
ಸಮುದ್ರಕ್ಕೆ ಬಿತ್ತಾ?’

ತರಬೇತಿಯಲ್ಲಿ ಕಲಿಸಿದ್ದನ್ನು ಒಪ್ಪಿಸಿದೆ:
ಅದು ಬ್ಯಾಂಕು ಬ್ಯಾಂಕುಗಳ ನಡುವಿನ ದರ,
ಇದು ಗ್ರಾಹಕರಿಗಿರುವ ದರ, ಶುಲ್ಕ ಮಾತ್ರ...
ಮುಗಿಸಲು ಬಿಡಲಿಲ್ಲ.
‘ಗೊತ್ತಾಯ್ತು. ಹೊಲಿಗೆ ಫ್ರೀ,
ಬಟ್ಟೆ ಒಂದು ಗೇಣು ಕಮ್ಮಿ.’
ಸಾಲಿನಲ್ಲಿ ಯಾರೋ ನಕ್ಕರು.
ನಾನು ನಗುವ ಹಾಗಿಲ್ಲ, ಮೇಲೆ ಕ್ಯಾಮೆರಾ.

ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದು
ಚೀಟಿಯ ಬೆನ್ನಿಗೆ ಗೀಚಿದರು:
ತಿಂಗಳಿಗೆ ನೂರೆಂಬತ್ತು.
ವರ್ಷಕ್ಕೆ ಎರಡು ಸಾವಿರದ ನೂರರವತ್ತು.
ಹದಿನೆಂಟು ವರ್ಷಕ್ಕೆ...
ಚೀಟಿ ಸಾಲದೆ ಅಂಗೈಗೆ ಬರೆದರು:
ಮೂವತ್ತೆಂಟು ಸಾವಿರದ ಎಂಟುನೂರ ಎಂಬತ್ತು.

‘ಹಾಗೆ ಬರುವುದಿಲ್ಲ ಅಣ್ಣ,
ಆ ವರ್ಷಗಳ ದರವೇ ಬೇರೆ.’
‘ಹೌದು. ಆಗ ಇನ್ನೂ ಅಗಲ ಕತ್ತರಿಸಿದ್ದೀರಿ,
ನೋಡಲಿಕ್ಕೆ ನಮ್ಮ ಕೈಯಲ್ಲಿ ಫೋನಿರಲಿಲ್ಲ.’

ಆಮೇಲೆ ಸ್ವಲ್ಪ ತಣ್ಣಗಾದರು.
‘ನಾನು ಉಳಿದ ಬಟ್ಟೆ ಗಿರಾಕಿಗೆ ವಾಪಸು ಕೊಡುತ್ತೇನೆ’ ಎಂದರು.
ತಡೆದು, ‘ದೊಡ್ಡ ತುಂಡಾದರೆ’ ಎಂದರು.
ಇನ್ನೂ ತಡೆದು,
‘ಸಣ್ಣದು ನಾನೇ ಇಟ್ಟುಕೊಳ್ಳುವುದು.
ಜೋಡಿಸಿ ದಿಂಬಿನ ಚೀಲ ಹೊಲಿದು ಮಾರಿದ್ದೂ ಉಂಟು.
ನೀನೂ ತಿನ್ನಬೇಕಲ್ಲ, ನಿನ್ನ ಅಂಗಡಿಗೂ ಬಾಡಿಗೆ ಇರುತ್ತದೆ.
ಆದರೆ ನಾನು ಬಾಗಿಲಿಗೆ
ಸೊನ್ನೆ ಅಂತ ಬರೆದು ಅಂಟಿಸಿಲ್ಲ.’

ಉತ್ತರ ನನ್ನ ತರಬೇತಿಯಲ್ಲಿ ಇರಲಿಲ್ಲ.

ಅವರಿಗೆ ಹೇಳದ್ದು ಇಷ್ಟು:
ತಿಂಗಳ ಕೊನೆಗೆ ನಾನೂ ಗಾಜಿನ ಆಚೆ ಹೋಗಿ
ಲವೀನಾಳ ಕಿಂಡಿಯ ಮುಂದೆ ನಿಲ್ಲುತ್ತೇನೆ,
ನನ್ನ ಸಂಬಳಕ್ಕೂ ಅದೇ ಕತ್ತರಿ.
ರೂಪಾಯಿ ಬಿದ್ದ ದಿನ ನಮ್ಮಲ್ಲಿ ಹಬ್ಬ,
ಸಾಲು ಮೆಟ್ಟಿಲಿಳಿದು ಜ್ಯೂಸಂಗಡಿಯವರೆಗೆ.
ಇನ್ನೂ ಬೀಳಲಿ, ನಾಳೆಗೆ ಇನ್ನಷ್ಟು ಬೀಳಲಿ
ಎಂದು ಹಣ ತಡೆದು ಕಾಯುವವರೇ
ರಾತ್ರಿ ಊರಿಗೆ ಫೋನು ಮಾಡಿ ಕೇಳುತ್ತಾರೆ,
ಎಣ್ಣೆಗೆ ಈಗ ಎಷ್ಟು, ಗ್ಯಾಸಿಗೆ ಎಷ್ಟು.
ಆ ಖರ್ಚನ್ನು ಯಾವ ರಸೀದಿಯಲ್ಲಿ ಮುದ್ರಿಸುವುದು?

‘ಕಳಿಸು’ ಎಂದರು ಮೋನಪ್ಪಣ್ಣ.
ಮಗಳ ನರ್ಸಿಂಗ್ ಫೀಸಿಗೆ ಶನಿವಾರ ಕಡೆಯ ದಿನ,
ಬೇರೆ ಅಂಗಡಿಗೆ ನಡೆದು ದರ ಕೇಳಲು
ಕಾಲೂ ಇಲ್ಲ, ಹೊತ್ತೂ ಇಲ್ಲ.
ಕೀಲಿ ಒತ್ತಿದೆ: ಇಪ್ಪತ್ತೈದು ಸಾವಿರದ ಏಳುನೂರ ಎಂಬತ್ತೆಂಟು.

ರಸೀದಿಯನ್ನು ಕೊರಳ ಟೇಪಿಗೆ ಹಿಡಿದು ಅಳೆದರು.
‘ಆರೂವರೆ ಇಂಚು.
ಇದು ಮಾತ್ರ ಅಳತೆಗೆ ಸರಿ ಉಂಟು’
ಎಂದು ಮಡಚಿ ಹೊರಟರು.

ಮುಂದಿನ ಟೋಕನ್ ಕರೆದೆ.
ತಟ್ಟೆಯಲ್ಲಿ ಉಳಿದಿದ್ದ ನೀಲಿ ಪುಡಿ ಹತ್ತಿ
ಆ ಹುಡುಗನ ನೋಟುಗಳಲ್ಲಿ ಎರಡನ್ನು
ಎಣಿಸುವ ಯಂತ್ರ ಉಗುಳಿತು.
ಮತ್ತೆ ಹಾಕಿದೆ, ಮತ್ತೆ ಉಗುಳಿತು.
ಕೈಯಲ್ಲೇ ಎಣಿಸಿದೆ.